ಹುದುಗಿಸುವ ಪದಾರ್ಥಗಳ ಜೀವಸತ್ವಗಳ ಮೇಲೆ ಕಿರಣಗಳ ಪರಿಣಾಮ

ನಮ್ಮ ರೈತರ ಮನೆಗಳಲ್ಲಿ ಏನನ್ನಾದರೂ ಹುದುಗಿಸದೆ ದಿನ ಕಳೆಯುವುದಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತೇವೆ. ಅಕ್ಕಿ, ಉದ್ದು ರುಬ್ಬಿ ಇಡ್ಲಿ, ದೋಸೆಗೆ ಹಿಟ್ಟು ಇಡುತ್ತೇವೆ. ರಾಗಿ ಅಂಬಲಿಯನ್ನು ಹುಳಿಯಲು ಬಿಡುತ್ತೇವೆ. ಇದೇ ಕ್ರಿಯೆ ದೊಡ್ಡ ಪ್ರಮಾಣದಲ್ಲಿ ನಡೆದಾಗ ಬ್ರೆಡ್ಡು, ಯೀಸ್ಟು, ಮದ್ಯಸಾರ, ವೈನ್ ಮುಂತಾದ ಕೈಗಾರಿಕೆಗಳಾಗುತ್ತವೆ. ಈ ಎಲ್ಲವುಗಳಿಗೆ ಬೇಕಾದ ಕಚ್ಚಾ ಪದಾರ್ಥವನ್ನು ಒದಗಿಸುವವನು ರೈತ. ರಾಗಿ, ಅಕ್ಕಿ, ಉದ್ದು, ಹಾಲು, ದ್ರಾಕ್ಷಿ, ಕಬ್ಬಿನ ಕಾಕಂಬಿ ಇವೆಲ್ಲ ಹೊಲ ಮತ್ತು ಕೊಟ್ಟಿಗೆಯಿಂದಲೇ ಬರಬೇಕು.

ಹೆಬ್ಬಾಳಕ್ಕೂ ಈ ವಿಷಯಕ್ಕೂ ಹಳೆಯ ನಂಟಿದೆ. ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಇಲ್ಲಿ 30 ಎಕರೆ ಜಮೀನನ್ನು ಕೃಷಿ ಸಂಶೋಧನೆಗಾಗಿ ಕೊಟ್ಟರು. ಅಲ್ಲಿ ಕೆಲಸ ಆರಂಭಿಸಿದ ಲೆಹ್ಮನ್ ಅವರು ರಸಾಯನಶಾಸ್ತ್ರಜ್ಞರು. ಬೆಳೆಯ ಇಳುವರಿಯ ಜೊತೆಗೆ ಅದರಲ್ಲಿ ಅಡಗಿರುವ ಸತ್ವವನ್ನೂ ಅಳೆಯಬೇಕೆಂಬ ದೃಷ್ಟಿ ಅಂದಿನಿಂದಲೂ ಇಲ್ಲಿದೆ. ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದ ಆವರಣದಲ್ಲಿ ಬೇಕರಿ ತರಬೇತಿಯನ್ನು ನೀಡುತ್ತ ಬಂದಿದೆ. ರಾಗಿ ಮಾಲ್ಟ್, ಮೊಳಕೆ ಹಿಟ್ಟು, ಇಡ್ಲಿ ಹಿಟ್ಟುಗಳನ್ನು ತಯಾರಿಸಿ ಮಾರುವ ಮಹಿಳಾ ಸಂಘಗಳೂ ಈಗ ಹಳ್ಳಿಗಳಲ್ಲಿವೆ.

ಇಂಥವರ ಮುಂದೆ ಎರಡು ಪ್ರಶ್ನೆಗಳಿವೆ. ಹುಳು ಬೀಳದಂತೆ ಗಾಮಾ ಕಿರಣ ಹಾಯಿಸಿದ ಕಾಳು, ಬೇಳೆಗಳಲ್ಲಿ ಜೀವಸತ್ವ ಉಳಿಯುತ್ತದೆಯೆ? ಅಂಥ ಬೇಳೆಯಿಂದ ಮಾಡಿದ ಹಿಟ್ಟು ಉಬ್ಬುತ್ತದೆಯೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ದಿನವೂ ನಮ್ಮ ಕಣದ ಮೇಲೆ ಬೀಳುವ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಕೆಂದರೆ ಬಿಸಿಲೂ ಕಿರಣವೇ. ನಾವು ಹೆದರುವ ಗಾಮಾ ಕಿರಣವು ಒಣ ಧಾನ್ಯದಿಂದ ಕಸಿಯುವ ಜೀವಸತ್ವಕ್ಕಿಂತ, ನಾವು ನಂಬಿರುವ ಬಿಸಿಲು ಹಾಲಿನಿಂದ ಕಸಿಯುವುದು ಹೆಚ್ಚು. ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ.

ಹುದುಗುವಿಕೆಗೆ ಜೀವಸತ್ವ ಏಕೆ ಬೇಕು?

ಹುದುಗುವುದೆಂದರೆ ಕಣ್ಣಿಗೆ ಕಾಣದ ಅಣುಜೀವಿಗಳು ಸಕ್ಕರೆ, ಪಿಷ್ಟಗಳನ್ನು ತಿಂದು ಹುಳಿ, ಮದ್ಯಸಾರ ಅಥವಾ ಅನಿಲವನ್ನು ಉತ್ಪತ್ತಿ ಮಾಡುವುದು. ಬೆಳೆಗೆ ಗೊಬ್ಬರದ ಜೊತೆಗೆ ಸತು, ಬೋರಾನ್‌ಗಳಂಥ ಲಘು ಪೋಷಕಾಂಶಗಳು ಹೇಗೆ ಬೇಕೋ ಹಾಗೆಯೇ ಈ ಅಣುಜೀವಿಗಳಿಗೆ ಸಕ್ಕರೆಯ ಜೊತೆಗೆ ಅತಿ ಸ್ವಲ್ಪ ಪ್ರಮಾಣದಲ್ಲಿ ಜೀವಸತ್ವಗಳು ಬೇಕು.

ಈ ಸಂಗತಿ ತಿಳಿದುಬಂದದ್ದು ಯೀಸ್ಟಿನಿಂದಲೇ. 1901ರಲ್ಲಿ ಬೆಲ್ಜಿಯಂ ದೇಶದ ವಿಲ್ಡಿಯರ್ಸ್ ಎಂಬುವರು ಸಕ್ಕರೆ ಮತ್ತು ಲವಣಗಳ ನೀರಿಗೆ ಸ್ವಲ್ಪವೇ ಯೀಸ್ಟನ್ನು ಹಾಕಿದಾಗ ಅದು ಬೆಳೆಯಲಿಲ್ಲ. ಬೇಯಿಸಿದ ಯೀಸ್ಟಿನ ಕಷಾಯವನ್ನು ಸೇರಿಸಿದಾಗ ಚೆನ್ನಾಗಿ ಬೆಳೆಯಿತು. ಆ ಕಷಾಯದಲ್ಲಿದ್ದ ಅಜ್ಞಾತ ವಸ್ತುವಿಗೆ ಅವರು 'ಬಯೋಸ್' ಎಂದು ಹೆಸರಿಟ್ಟರು. ಮುಂದೆ ಅದು ಒಂದೇ ವಸ್ತುವಲ್ಲ, ಬಯೋಟಿನ್, ಪ್ಯಾಂಟೊಥೆನಿಕ್ ಆಮ್ಲ, ಇನೋಸಿಟಾಲ್, ಥಯಾಮಿನ್ ಮುಂತಾದವುಗಳ ಗುಂಪು ಎಂದು ತಿಳಿಯಿತು. ಬಯೋಟಿನ್ ಅನ್ನು 1936ರಲ್ಲಿ ಮೊಟ್ಟೆಯ ಹಳದಿಯಿಂದ ಬೇರ್ಪಡಿಸಲಾಯಿತು.

ಹಾಲನ್ನು ಹುಳಿಗೊಳಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಅಗತ್ಯ ಇನ್ನೂ ಹೆಚ್ಚಿನದು. ಇವುಗಳಲ್ಲಿ ಹಲವು ರೈಬೋಫ್ಲೇವಿನ್, ನಿಯಾಸಿನ್, ಪ್ಯಾಂಟೊಥೆನಿಕ್ ಆಮ್ಲಗಳನ್ನು ತಾವೇ ತಯಾರಿಸಿಕೊಳ್ಳಲಾರವು. ಕಚ್ಚಾ ಪದಾರ್ಥದಲ್ಲಿಯೇ ಅವು ಸಿಗಬೇಕು. ಈ ಗುಣವನ್ನು ಉಪಯೋಗಿಸಿಕೊಂಡು 1939ರಲ್ಲಿ ಅಮೆರಿಕದ ಸ್ನೆಲ್ ಮತ್ತು ಸ್ಟ್ರಾಂಗ್ ಎಂಬ ವಿಜ್ಞಾನಿಗಳು ರೈಬೋಫ್ಲೇವಿನ್ ಅಳೆಯುವ ಒಂದು ವಿಧಾನವನ್ನು ರೂಪಿಸಿದರು. ಆಹಾರದಲ್ಲಿ ಈ ಜೀವಸತ್ವ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಹುಳಿಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಉತ್ಪತ್ತಿ ಮಾಡುತ್ತದೆ. ಹುಳಿಯನ್ನು ಅಳೆದರೆ ಜೀವಸತ್ವ ಎಷ್ಟೆಂದು ಗೊತ್ತಾಗುತ್ತದೆ.

ಆದ್ದರಿಂದ ಕಚ್ಚಾ ಪದಾರ್ಥದಲ್ಲಿ ಜೀವಸತ್ವ ಕಡಿಮೆಯಾದರೆ ಎರಡು ನಷ್ಟ. ಒಂದು, ಅದನ್ನು ತಿನ್ನುವ ಮನುಷ್ಯರಿಗೆ. ಎರಡು, ಅದನ್ನು ಹುದುಗಿಸುವ ಅಣುಜೀವಿಗೆ.

ಕಿರಣಗಳಲ್ಲಿ ಬಗೆಗಳು

ರೈತರ ಕೆಲಸಕ್ಕೆ ಸಂಬಂಧಪಟ್ಟಂತೆ ಕಿರಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

1. ಬೆಳಕು ಮತ್ತು ಶಾಖದ ಕಿರಣಗಳು. ಇವು ಬಿಸಿಲಿನಲ್ಲಿ ನಮಗೆ ಬಿಟ್ಟಿಯಾಗಿ ದೊರೆಯುತ್ತವೆ. ಧಾನ್ಯದ ಸಿಪ್ಪೆಯನ್ನು ದಾಟಿ ಒಳಗೆ ಹೆಚ್ಚು ಹೋಗಲಾರವು. ಹಾಲಿನಂಥ ದ್ರವದಲ್ಲಿ, ಪಾತ್ರೆ ಪಾರದರ್ಶಕವಾಗಿದ್ದರೆ, ಸಾಕಷ್ಟು ಒಳಗೆ ನುಗ್ಗುತ್ತವೆ.

2. ನೇರಳಾತೀತ ಕಿರಣಗಳು. ಬಿಸಿಲಿನಲ್ಲಿ ಇವುಗಳ ಒಂದು ಪಾಲಿದೆ. ಅಣುಜೀವಿಗಳನ್ನು ಕೊಲ್ಲುವ ವಿಶೇಷ ದೀಪಗಳಿಂದಲೂ ಇವನ್ನು ಪಡೆಯಬಹುದು. ಇವುಗಳ ಕೆಲಸವೆಲ್ಲ ಮೇಲ್ಮೈಯಲ್ಲಿ ಮಾತ್ರ.

3. ಗಾಮಾ ಕಿರಣಗಳು. ಆಹಾರ ಸಂಸ್ಕರಣೆಗೆ ಇವನ್ನು ಸಾಮಾನ್ಯವಾಗಿ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದಿಂದ ಪಡೆಯುತ್ತಾರೆ. ಈ ಲೋಹದ ಶಕ್ತಿ ಸುಮಾರು 5 ವರ್ಷ 3 ತಿಂಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಗಾಮಾ ಕಿರಣವು ಮೂಟೆಯನ್ನು ಬಿಚ್ಚದೆಯೇ ಅದರ ಆಳದವರೆಗೆ ಹಾಯುತ್ತದೆ.

ಗಾಮಾ ಕಿರಣದ ಪ್ರಮಾಣವನ್ನು 'ಗ್ರೇ' ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾವಿರ ಗ್ರೇ ಸೇರಿದರೆ ಒಂದು ಕಿಲೋಗ್ರೇ. ಒಂದು ಕಿಲೋಗ್ರೇ ಕಿರಣವನ್ನು ಹೀರಿಕೊಂಡ ನೀರಿನ ಉಷ್ಣತೆ ಕಾಲು ಡಿಗ್ರಿ ಸೆಂಟಿಗ್ರೇಡಿನಷ್ಟೂ ಏರುವುದಿಲ್ಲ. ಆದ್ದರಿಂದ ಇದನ್ನು ಶಾಖವಿಲ್ಲದ ಸಂಸ್ಕರಣೆ ಎನ್ನುತ್ತಾರೆ.

ಕಿರಣ ಹಾಯಿಸಿದ ಕಾಳು ತಾನೇ ಕಿರಣ ಸೂಸತೊಡಗುತ್ತದೆ ಎಂಬ ಭಯ ಹಲವರಲ್ಲಿದೆ. ಇದು ಸರಿಯಲ್ಲ. ಇಡೀ ದಿನ ಬಿಸಿಲಿಗೆ ಹಾಕಿದ ಹಪ್ಪಳ ರಾತ್ರಿ ಬೆಳಕು ಕೊಡುವುದಿಲ್ಲ. ಕೋಬಾಲ್ಟ್-60ರ ಗಾಮಾ ಕಿರಣಕ್ಕೂ ಕಾಳನ್ನು ವಿಕಿರಣಶೀಲ ಮಾಡುವಷ್ಟು ಶಕ್ತಿಯಿಲ್ಲ. ವಿಕಿರಣಶೀಲ ಧೂಳು ಬಿದ್ದು ಆಹಾರ ಕೆಡುವುದು ಬೇರೆಯ ವಿಷಯ. ಎರಡನ್ನೂ ಬೆರೆಸಬಾರದು.

ಬಿಸಿಲು ಮತ್ತು ಹಾಲು

ಮೊಸರಿನ ಮೇಲೆ ನಿಲ್ಲುವ ತಿಳಿನೀರನ್ನು ಗಮನಿಸಿ. ಅದರ ಹಳದಿ ಮಿಶ್ರಿತ ಹಸಿರು ಛಾಯೆ ರೈಬೋಫ್ಲೇವಿನ್ ಅಥವಾ ಬಿ-2 ಜೀವಸತ್ವದ್ದು. ಈ ಬಣ್ಣವೇ ಅದಕ್ಕೆ ಮುಳುವು. ಬಣ್ಣವಿರುವುದರಿಂದ ಅದು ಬೆಳಕಿನ ನೀಲಿ ಕಿರಣಗಳನ್ನು ಹೀರಿಕೊಂಡು ಒಡೆದುಹೋಗುತ್ತದೆ. ಗಾಜಿನ ಬಾಟಲಿಯಲ್ಲಿರುವ ಹಾಲನ್ನು ಎರಡು ಗಂಟೆ ಕಾಲ ನೇರ ಬಿಸಿಲಿನಲ್ಲಿಟ್ಟರೆ ಅದರ ರೈಬೋಫ್ಲೇವಿನ್‌ನಲ್ಲಿ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ನಾಶವಾಗಬಹುದು. ರೈಬೋಫ್ಲೇವಿನ್ ಒಡೆಯುವಾಗ ಹಾಲಿನ ಸಿ ಜೀವಸತ್ವವನ್ನೂ ತನ್ನೊಂದಿಗೆ ಕೆಡಿಸುತ್ತದೆ. ಹಾಲಿಗೆ ಒಂದು ಬಗೆಯ ಸುಟ್ಟ ವಾಸನೆಯೂ ಬರುತ್ತದೆ. ಎ ಜೀವಸತ್ವಕ್ಕೂ ಬೆಳಕು ಹಾನಿಕರ.

ಕುದಿಸಿದಾಗ ರೈಬೋಫ್ಲೇವಿನ್ ಬಹುಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಬೆಂಕಿಗೆ ಅಂಜದ ಈ ಜೀವಸತ್ವ ಬೆಳಕಿಗೆ ಸೋಲುತ್ತದೆ. ಹಾಲನ್ನು ಲೋಹದ ಕ್ಯಾನಿನಲ್ಲಿ ಮುಚ್ಚಿ ಒಯ್ಯುವ ಪದ್ಧತಿ ಈ ದೃಷ್ಟಿಯಿಂದಲೂ ಉತ್ತಮ. ಸೈಕಲ್ಲಿಗೆ ಕಟ್ಟಿದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಿಸಿಲಿನಲ್ಲಿ ಸಾಗಿಸುವುದು, ಅಂಗಡಿಯ ಮುಂದೆ ಬಿಸಿಲು ಬೀಳುವೆಡೆ ಇಡುವುದು ಒಳ್ಳೆಯದಲ್ಲ. ಹೆಪ್ಪು ಹಾಕುವ ಹಾಲಾದರೂ ಸರಿ, ಮಗುವಿಗೆ ಕುಡಿಸುವ ಹಾಲಾದರೂ ಸರಿ, ನೆರಳಿನಲ್ಲಿರಲಿ.

ರಾಗಿ ಮತ್ತು ಮೊಳಕೆ ರಾಗಿ

ರಾಗಿಯ ಪ್ರತಿ 100 ಗ್ರಾಂನಲ್ಲಿ ಸುಮಾರು 0.4 ಮಿಲಿಗ್ರಾಂ ಥಯಾಮಿನ್ (ಬಿ-1), ಸುಮಾರು 0.2 ಮಿಲಿಗ್ರಾಂ ರೈಬೋಫ್ಲೇವಿನ್ ಹಾಗೂ ಒಂದು ಮಿಲಿಗ್ರಾಂಗೂ ಮಿಕ್ಕಿ ನಿಯಾಸಿನ್ ಇರುತ್ತವೆ. ಸುಣ್ಣದ ಅಂಶವಂತೂ 340 ಮಿಲಿಗ್ರಾಂಗೂ ಹೆಚ್ಚು. ರಾಗಿಯನ್ನು ಪಾಲಿಶ್ ಮಾಡದೆ ಇಡಿಯಾಗಿ ಬೀಸುವುದರಿಂದ ಈ ಸತ್ವವೆಲ್ಲ ಹಿಟ್ಟಿಗೆ ಬರುತ್ತದೆ.

ಕಣದಲ್ಲಿ ಇಡೀ ರಾಗಿಯನ್ನು ಬಿಸಿಲಿಗೆ ಒಣಹಾಕುವುದರಿಂದ ಜೀವಸತ್ವದ ನಷ್ಟ ಅತ್ಯಲ್ಪ. ಕೆಂಪು ಸಿಪ್ಪೆಯು ಕೊಡೆಯಂತೆ ಒಳಗಿನ ಭಾಗವನ್ನು ಕಾಯುತ್ತದೆ. ಇದರ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ. ಕಾಳು ಚೆನ್ನಾಗಿ ಒಣಗುವುದೇ ಮುಖ್ಯ.

ಮೊಳಕೆ ಕಟ್ಟಿದ ರಾಗಿಯ ವಿಷಯ ಬೇರೆ. ಮೊಳಕೆಯೊಡೆದಾಗ ಸಿಪ್ಪೆ ಬಿರಿಯುತ್ತದೆ. ಕಾಳಿನಲ್ಲಿ ನೀರು ತುಂಬಿರುತ್ತದೆ. ಮೊದಲು ಇಲ್ಲದಿದ್ದ ಸಿ ಜೀವಸತ್ವ ಹುಟ್ಟುತ್ತದೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅವರು ರಾಗಿ ಮಾಲ್ಟಿನ ಬಗ್ಗೆ 1980ರ ದಶಕದಲ್ಲಿ ಮಾಡಿದ ಕೆಲಸ ಪ್ರಸಿದ್ಧವಾದುದು. ಮಾಲ್ಟ್ ಮಾಡಿದ ರಾಗಿಯ ಗಂಜಿ ತೆಳುವಾಗಿರುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟನ್ನು ಸೇರಿಸಬಹುದು. ಆಗ ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ.

ಇಂಥ ಮೊಳಕೆ ರಾಗಿಯನ್ನು ಉರಿಬಿಸಿಲಿನಲ್ಲಿ ದಿನಗಟ್ಟಲೆ ಹರವಿದರೆ ಸಿ ಜೀವಸತ್ವ ಮತ್ತು ಸ್ವಲ್ಪ ಮಟ್ಟಿಗೆ ರೈಬೋಫ್ಲೇವಿನ್ ನಷ್ಟವಾಗುತ್ತವೆ. ಹಾಗೆಂದು ಗಾಳಿಯಿಲ್ಲದ ಕೋಣೆಯಲ್ಲಿ ಒಣಗಿಸಲು ಹೋದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಹಾನಿ ಜೀವಸತ್ವದ ನಷ್ಟಕ್ಕಿಂತ ದೊಡ್ಡದು. ಆದ್ದರಿಂದ ಮಧ್ಯಮ ಮಾರ್ಗವೇ ಲೇಸು. ಮೊಳಕೆ ರಾಗಿಯನ್ನು ಶುಭ್ರವಾದ ಚಾಪೆಯ ಮೇಲೆ ತೆಳುವಾಗಿ ಹರವಿ, ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹೊದಿಸಿ, ಗಾಳಿಯಾಡುವ ಕಡೆ ಆಗಾಗ್ಗೆ ಕೈಯಾಡಿಸುತ್ತ ಬೇಗನೆ ಒಣಗಿಸಬೇಕು. ಬೀಸಿದ ಮೇಲೆ ಹಿಟ್ಟನ್ನು ಮಾತ್ರ ಬಿಸಿಲಿಗೆ ಹರವಲೇಬಾರದು. ಹಿಟ್ಟಿಗೆ ಸಿಪ್ಪೆಯ ಕಾವಲಿರುವುದಿಲ್ಲ.

ಗಾಮಾ ಕಿರಣ ಮತ್ತು ಧಾನ್ಯ

ನಮ್ಮ ದೇಶದಲ್ಲಿ ಈರುಳ್ಳಿ, ಆಲೂಗೆಡ್ಡೆ, ಸಂಬಾರ ಪದಾರ್ಥಗಳಿಗೆ ಕಿರಣ ಸಂಸ್ಕರಣೆಯ ಅನುಮತಿ 1994ರಲ್ಲಿ ದೊರೆಯಿತು. ಭಾಭಾ ಅಣು ಸಂಶೋಧನಾ ಕೇಂದ್ರದ ಪ್ರಯತ್ನದಿಂದ ನವಿ ಮುಂಬಯಿಯ ವಾಶಿಯಲ್ಲಿ 2000ದಲ್ಲಿ ಸಂಬಾರ ಪದಾರ್ಥಗಳಿಗಾಗಿಯೂ, ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ 2002ರಲ್ಲಿ ಈರುಳ್ಳಿ ಮುಂತಾದ ಬೆಳೆಗಳಿಗಾಗಿಯೂ ಕೇಂದ್ರಗಳು ಆರಂಭವಾದವು. 2007ರಲ್ಲಿ ಕಿರಣ ಹಾಯಿಸಿದ ಭಾರತದ ಮಾವು ಅಮೆರಿಕಕ್ಕೆ ಹೋಗತೊಡಗಿತು. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿಯೂ ಇಂಥ ಕೇಂದ್ರವೊಂದು ಸ್ಥಾಪನೆಯಾಯಿತು. 2012ರ ನಿಯಮಗಳು ಆಹಾರ ಪದಾರ್ಥಗಳನ್ನು ವರ್ಗಗಳಾಗಿ ವಿಂಗಡಿಸಿ, ಯಾವುದಕ್ಕೆ ಎಷ್ಟು ಕಿರಣವೆಂದು ಗೊತ್ತುಪಡಿಸಿವೆ. ಅವುಗಳಲ್ಲಿ ಕೆಲವು ಹೀಗಿವೆ:

ಈರುಳ್ಳಿ, ಆಲೂಗೆಡ್ಡೆಗಳ ಮೊಳಕೆ ತಡೆಯಲು — 0.02ರಿಂದ 0.2 ಕಿಲೋಗ್ರೇ
ಧಾನ್ಯ, ಬೇಳೆಕಾಳುಗಳಲ್ಲಿ ಕೀಟನಾಶಕ್ಕೆ — 0.25ರಿಂದ 1.0 ಕಿಲೋಗ್ರೇ
ಧಾನ್ಯ, ಬೇಳೆಕಾಳುಗಳಲ್ಲಿ ಅಣುಜೀವಿಗಳನ್ನು ತಗ್ಗಿಸಲು — 1.5ರಿಂದ 5.0 ಕಿಲೋಗ್ರೇ
ಒಣ ಸಂಬಾರ ಪದಾರ್ಥಗಳಲ್ಲಿ ಅಣುಜೀವಿಗಳನ್ನು ತಗ್ಗಿಸಲು — 6ರಿಂದ 14 ಕಿಲೋಗ್ರೇ

10 ಕಿಲೋಗ್ರೇವರೆಗೆ ಕಿರಣ ಹಾಯಿಸಿದ ಆಹಾರದಿಂದ ವಿಷದ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗಳ ತಜ್ಞರ ಸಮಿತಿ 1980ರಲ್ಲಿ ಅಭಿಪ್ರಾಯಪಟ್ಟಿತು.

ಇನ್ನು ಜೀವಸತ್ವಗಳ ವಿಷಯ. ಗಾಮಾ ಕಿರಣವು ಜೀವಸತ್ವವನ್ನು ನೇರವಾಗಿ ಹೊಡೆದು ಒಡೆಯುವುದು ಕಡಿಮೆ. ಅದು ಮೊದಲು ನೀರಿನ ಅಣುವನ್ನು ಒಡೆಯುತ್ತದೆ. ಹೀಗೆ ಒಡೆದ ತುಣುಕುಗಳು ಬಹಳ ಚುರುಕಾಗಿದ್ದು, ಕ್ಷಣಮಾತ್ರದಲ್ಲಿ ಪಕ್ಕದಲ್ಲಿರುವ ಜೀವಸತ್ವದ ಮೇಲೆ ಎರಗುತ್ತವೆ. ನೀರು ಹೆಚ್ಚಿದ್ದಷ್ಟೂ ಈ ತುಣುಕುಗಳು ಹೆಚ್ಚು, ಅವುಗಳ ಓಡಾಟವೂ ಹೆಚ್ಚು. ಒಣ ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ 10ರಿಂದ 12 ಮಾತ್ರ. ಅದೂ ಪಿಷ್ಟ, ಸಸಾರಜನಕಗಳಿಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಒಂದೇ ಪ್ರಮಾಣದ ಕಿರಣವು ನೆನೆಸಿದ ಬೇಳೆಯಲ್ಲಿ ಅಥವಾ ರಸದಲ್ಲಿ ಮಾಡುವಷ್ಟು ಹಾನಿಯನ್ನು ಒಣ ಕಾಳಿನಲ್ಲಿ ಮಾಡಲಾರದು. ಗಾಳಿಯ ಆಮ್ಲಜನಕ ಮತ್ತು ಸೆಕೆ ಹಾನಿಯನ್ನು ಹೆಚ್ಚಿಸುತ್ತವೆ. ತಂಪು ಅದನ್ನು ತಗ್ಗಿಸುತ್ತದೆ.

ಎಲ್ಲ ಜೀವಸತ್ವಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಮುಖ್ಯವಾದವುಗಳ ಗುಣ ಹೀಗಿದೆ:

ಥಯಾಮಿನ್ (ಬಿ-1) — ಗಾಮಾ ಕಿರಣಕ್ಕೆ ಬಿ ಗುಂಪಿನಲ್ಲೇ ಅತ್ಯಂತ ಸೂಕ್ಷ್ಮ. ಸಾಮಾನ್ಯ ಬೆಳಕನ್ನು ತಡೆಯುತ್ತದೆ. ಶಾಖ ಮತ್ತು ಕ್ಷಾರಕ್ಕೆ ಸೋಲುತ್ತದೆ.
ರೈಬೋಫ್ಲೇವಿನ್ (ಬಿ-2) — ಗಾಮಾ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಬೆಳಕಿಗೆ ಬೇಗ ನಾಶವಾಗುತ್ತದೆ.
ನಿಯಾಸಿನ್ — ಬೆಳಕು, ಶಾಖ, ಗಾಮಾ ಕಿರಣ ಮೂರನ್ನೂ ಚೆನ್ನಾಗಿ ತಡೆಯುತ್ತದೆ.
ಬಯೋಟಿನ್, ಪ್ಯಾಂಟೊಥೆನಿಕ್ ಆಮ್ಲ — ಗಾಮಾ ಕಿರಣವನ್ನು ಸಾಕಷ್ಟು ತಡೆಯುತ್ತವೆ.
ಸಿ ಜೀವಸತ್ವ — ಕಿರಣದಿಂದ ಇದರ ಒಂದು ಪಾಲು ಬೇರೊಂದು ರೂಪಕ್ಕೆ ತಿರುಗುತ್ತದೆ. ಆ ರೂಪವೂ ದೇಹಕ್ಕೆ ಉಪಯುಕ್ತವೇ.
ಇ ಜೀವಸತ್ವ — ಎಣ್ಣೆಯಲ್ಲಿ ಕರಗುವ ಜೀವಸತ್ವಗಳಲ್ಲಿ ಗಾಮಾ ಕಿರಣಕ್ಕೆ ಅತಿ ಸೂಕ್ಷ್ಮ.

ಒಟ್ಟಿನಲ್ಲಿ, ಕೀಟನಾಶಕ್ಕಾಗಿ 1 ಕಿಲೋಗ್ರೇಗೆ ಮೀರದಂತೆ ಕಿರಣ ಹಾಯಿಸಿದ ಒಣ ಉದ್ದು, ಅಕ್ಕಿ ಅಥವಾ ಗೋಧಿಯಲ್ಲಿ ಥಯಾಮಿನ್ ಮಾತ್ರ ಸ್ವಲ್ಪ ಕಡಿಮೆಯಾಗಬಹುದು. ಉಳಿದ ಬಿ ಜೀವಸತ್ವಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಯೀಸ್ಟಿಗೆ ಬಹು ಮುಖ್ಯವಾದ ಬಯೋಟಿನ್‌ಗೂ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾಕ್ಕೆ ಬೇಕಾದ ರೈಬೋಫ್ಲೇವಿನ್‌ಗೂ ಇದರಿಂದ ಭಯವಿಲ್ಲ.

ನಿಜವಾದ ತೊಂದರೆ ಎಲ್ಲಿ?

ಹಾಗಾದರೆ ಕಿರಣ ಹಾಯಿಸಿದ ಧಾನ್ಯವನ್ನು ಹುದುಗಿಸುವ ಎಲ್ಲ ಕೆಲಸಕ್ಕೂ ಬಳಸಬಹುದೆ? ಇಲ್ಲ. ಎರಡು ತೊಂದರೆಗಳಿವೆ. ಎರಡೂ ಜೀವಸತ್ವಕ್ಕೆ ಸಂಬಂಧಿಸಿದವಲ್ಲ, ಜೀವಕ್ಕೆ ಸಂಬಂಧಿಸಿದವು.

ಮೊದಲನೆಯದು, ಮೊಳಕೆ. ಆಲೂಗೆಡ್ಡೆಯ ಮೊಳಕೆಯನ್ನು ತಡೆಯಲು ಅಷ್ಟು ಸ್ವಲ್ಪ ಕಿರಣ ಸಾಕು ಎಂಬುದನ್ನು ಮೇಲೆ ನೋಡಿದಿರಿ. ಒಣ ಕಾಳು ಅದಕ್ಕಿಂತ ಗಟ್ಟಿ. ಆದರೂ ಕೀಟನಾಶಕ್ಕೆ ಕೊಡುವ ಪ್ರಮಾಣವು ಅದರ ಭ್ರೂಣವನ್ನು ದುರ್ಬಲಗೊಳಿಸುತ್ತದೆ. ಕೆಲವು ಕಾಳು ಮೊಳೆತರೂ ಬೇರು, ಚಿಗುರುಗಳು ಮೋಟಾಗಿ ನಿಲ್ಲುತ್ತವೆ. ಮೊಳಕೆ ಸರಿಯಾಗಿ ಬಾರದಿದ್ದರೆ ಅಮೈಲೇಸ್ ಕಿಣ್ವವೂ ಬೇಕಾದಷ್ಟು ಬಾರದು, ಮಾಲ್ಟೂ ಆಗದು. ಇಂಥ ಕಾಳನ್ನು ಬಿತ್ತನೆಗೆ ಉಪಯೋಗಿಸಿದರೆ ಇಡೀ ಹಂಗಾಮೇ ಹಾಳಾಗಬಹುದು. ಪೇಟೆಯಿಂದ ತಂದ ತಿನ್ನುವ ಕಾಳನ್ನು ಬೀಜವಾಗಿ ಬಳಸುವ ರೂಢಿ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅದೃಷ್ಟಕ್ಕೆ ರಾಗಿಗೆ ಕಿರಣದ ಅವಶ್ಯಕತೆಯೇ ಕಡಿಮೆ. ಚೆನ್ನಾಗಿ ಒಣಗಿದ ರಾಗಿಯ ಸಣ್ಣ ಗಟ್ಟಿ ಕಾಳಿಗೆ ಉಗ್ರಾಣದ ಹುಳುಗಳ ಕಾಟ ಇತರ ಧಾನ್ಯಗಳಷ್ಟಿಲ್ಲ. ನಮ್ಮ ಹಿರಿಯರು ಹಗೇವುಗಳಲ್ಲಿ ವರ್ಷಗಟ್ಟಲೆ ರಾಗಿಯನ್ನು ಕಾಪಾಡಿದ್ದು ಇದರಿಂದಲೇ.

ಎರಡನೆಯದು, ಹಿಟ್ಟನ್ನು ಉಬ್ಬಿಸುವ ಅಣುಜೀವಿಗಳು. ಇಡ್ಲಿ ಹಿಟ್ಟಿಗೆ ನಾವು ಹೊರಗಿನಿಂದ ಏನನ್ನೂ ಸೇರಿಸುವುದಿಲ್ಲ. ಉದ್ದು, ಅಕ್ಕಿಗಳ ಜೊತೆಗೇ ಬರುವ ಲ್ಯೂಕೊನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳೇ ಹುಳಿಯನ್ನೂ ಅನಿಲವನ್ನೂ ಉತ್ಪತ್ತಿ ಮಾಡುತ್ತವೆ. ಅಣುಜೀವಿಗಳನ್ನು ತಗ್ಗಿಸಲೆಂದೇ 5 ಕಿಲೋಗ್ರೇವರೆಗೆ ಕಿರಣ ಹಾಯಿಸಿದ ಬೇಳೆಯಲ್ಲಿ ಕೆಟ್ಟ ಅಣುಜೀವಿಗಳ ಜೊತೆಗೆ ಈ ಉಪಕಾರಿಗಳೂ ಸಾಯುತ್ತವೆ. ಆಗ ಹಿಟ್ಟು ಉಬ್ಬಲು ತಡವಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಹಿಂದಿನ ದಿನದ ಹುಳಿ ಹಿಟ್ಟನ್ನು ಒಂದೆರಡು ಸೌಟು ಸೇರಿಸಿದರೆ ಸಾಕು. ಸತ್ತವುಗಳ ಜಾಗವನ್ನು ಹೊಸ ಅಣುಜೀವಿಗಳು ತುಂಬುತ್ತವೆ. ಹಾಲಿಗೆ ಹೆಪ್ಪು ಹಾಕುವ ತತ್ವವೇ ಇದು. ಯೀಸ್ಟು ಹಾಕಿ ಮಾಡುವ ಬ್ರೆಡ್ಡಿಗೆ ಈ ತೊಂದರೆಯಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ ನಂಜು ಸೇರಿರಬಹುದು. ಕಿರಣವು ಬೂಷ್ಟನ್ನು ಕೊಲ್ಲಬಹುದು, ಆದರೆ ಆಗಲೇ ಸೇರಿರುವ ನಂಜನ್ನು ಆಹಾರಕ್ಕೆ ಬಳಸುವ ಪ್ರಮಾಣದ ಕಿರಣ ತೆಗೆಯಲಾರದು. ಹುದುಗಿಸಿ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಳನ್ನು ಒಳ್ಳೆಯದಾಗಿಸುವ ಮಂತ್ರ ಕಿರಣದಲ್ಲಿಲ್ಲ.

ಕಾಕಂಬಿ ಮತ್ತು ದ್ರಾಕ್ಷಿ

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಕ್ಕರೆ ಕಾರ್ಖಾನೆಗಳು ಬೆಳೆದಂತೆ ನಮ್ಮಲ್ಲಿ ಕಾಕಂಬಿಯೂ ಹುದುಗಿಸುವ ಕೈಗಾರಿಕೆಯ ಮುಖ್ಯ ಕಚ್ಚಾ ಪದಾರ್ಥವಾಯಿತು. ಯೀಸ್ಟು ಮತ್ತು ಮದ್ಯಸಾರ ತಯಾರಿಕೆಯಲ್ಲಿ ಕಬ್ಬಿನ ಕಾಕಂಬಿಗೆ ಒಂದು ಹೆಚ್ಚುಗಾರಿಕೆಯಿದೆ. ಶೀತ ದೇಶಗಳ ಬೀಟ್ ಕಾಕಂಬಿಗಿಂತ ಇದರಲ್ಲಿ ಬಯೋಟಿನ್ ಹಲವು ಪಟ್ಟು ಹೆಚ್ಚು. ಬೀಟ್ ಕಾಕಂಬಿಯಿಂದ ಯೀಸ್ಟು ತಯಾರಿಸುವವರು ಬಯೋಟಿನ್‌ಗಾಗಿಯೇ ಅದಕ್ಕೆ ಕಬ್ಬಿನ ಕಾಕಂಬಿ ಬೆರೆಸುವುದುಂಟು. ಕಬ್ಬಿನ ರಸಕ್ಕೆ ಸುಣ್ಣ ಹಾಕಿ ಕುದಿಸುವುದರಿಂದ ಥಯಾಮಿನ್ ಬಹಳಷ್ಟು ಹಾಳಾಗುತ್ತದೆ, ಬಯೋಟಿನ್ ಉಳಿಯುತ್ತದೆ. ಕಪ್ಪಾದ ಕಾಕಂಬಿಯೊಳಗೆ ಬೆಳಕು ಹೋಗುವುದಿಲ್ಲ. ಇದಕ್ಕೆ ಬಿಸಿಲಿನಿಂದ ಬರುವ ಕೇಡು ಶಾಖದ್ದು. ತೊಟ್ಟಿ ಬಿಸಿಯಾದರೆ ಕಾಕಂಬಿಯ ಸಕ್ಕರೆಯೇ ತನ್ನಷ್ಟಕ್ಕೆ ಒಡೆಯತೊಡಗುತ್ತದೆ. ತೊಟ್ಟಿಗೆ ನೆರಳು ಮಾಡುವುದು ಅಥವಾ ಬಿಳಿ ಬಣ್ಣ ಬಳಿಯುವುದು ಲಾಭಕರ.

ಹೆಬ್ಬಾಳದಿಂದ ಉತ್ತರಕ್ಕೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ದ್ರಾಕ್ಷಿರಸದ ಥಯಾಮಿನ್ ಅನ್ನು ಯೀಸ್ಟು ಆರಂಭದಲ್ಲಿಯೇ ಹೀರಿಕೊಳ್ಳುತ್ತದೆ. ಬೂಷ್ಟು ಹಿಡಿದ ಹಣ್ಣಿನಲ್ಲಿ ಈ ಜೀವಸತ್ವ ಮೊದಲೇ ಖರ್ಚಾಗಿರುತ್ತದೆ. ರಸ ಕೆಡದಂತೆ ಹಾಕುವ ಗಂಧಕದ ಲವಣಗಳೂ ಥಯಾಮಿನ್ ಅನ್ನು ಒಡೆಯುತ್ತವೆ. ಹೀಗಾದಾಗ ಹುದುಗುವಿಕೆ ನಿಧಾನವಾಗಬಹುದು. ಕೊಯ್ದ ದ್ರಾಕ್ಷಿಯನ್ನು ಬೆಳಗಿನ ತಂಪಿನಲ್ಲೇ ನೆರಳಿಗೆ ಸಾಗಿಸಿ, ಕೊಳೆತ ಹಣ್ಣನ್ನು ಆರಿಸಿ ತೆಗೆದರೆ ಕಾರ್ಖಾನೆಗೂ ರೈತನಿಗೂ ಕ್ಷೇಮ.

ಕಿರಣದಿಂದ ಹುಟ್ಟುವ ಜೀವಸತ್ವ

ಕಿರಣವು ಯಾವಾಗಲೂ ಕಳೆಯುವುದೇ ಅಲ್ಲ, ಒಂದು ಜೀವಸತ್ವವನ್ನು ಕೂಡಿಸುತ್ತದೆ ಕೂಡ. ಯೀಸ್ಟು ಮತ್ತು ಅಣಬೆಗಳಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ನೇರಳಾತೀತ ಕಿರಣ ಬಿದ್ದಾಗ ಅದು ಡಿ-2 ಜೀವಸತ್ವವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಸ್ಟೀನ್‌ಬಾಕ್ ಅವರು 1920ರ ದಶಕದಲ್ಲಿ ಆಹಾರದ ಮೇಲೆ ಈ ಕಿರಣ ಬೀರಿ ಡಿ ಜೀವಸತ್ವವನ್ನು ಹೆಚ್ಚಿಸಬಹುದೆಂದು ತೋರಿಸಿದರು. ಮಕ್ಕಳ ಮೂಳೆ ಬಾಗುವ ರೋಗವನ್ನು ಹತೋಟಿಗೆ ತರಲು ಇದು ನೆರವಾಯಿತು. ಅಣಬೆ ಬೆಳೆಯುವ ರೈತರು ಕೊಯ್ದ ಅಣಬೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಿಡಿದರೂ ಡಿ ಜೀವಸತ್ವ ಹೆಚ್ಚುತ್ತದೆ.

ಕಿರಣಕ್ಕಿಂತ ದೊಡ್ಡ ಸೋರಿಕೆ

ಜೀವಸತ್ವ ಸೋರಿಹೋಗುವ ದೊಡ್ಡ ದಾರಿಗಳು ನಮ್ಮ ಗಿರಣಿ ಮತ್ತು ಅಡಿಗೆಮನೆಗಳಲ್ಲಿವೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯ 100 ಗ್ರಾಂನಲ್ಲಿ ಉಳಿಯುವ ಥಯಾಮಿನ್ ಸುಮಾರು 0.06 ಮಿಲಿಗ್ರಾಂ ಮಾತ್ರ. ಕುಸುಬಲಕ್ಕಿಯಲ್ಲಿ ಅದು ಸುಮಾರು 0.2 ಮಿಲಿಗ್ರಾಂ. ಭತ್ತವನ್ನು ಬೇಯಿಸುವಾಗ ತೌಡಿನ ಸತ್ವ ಕಾಳಿನ ಒಳಕ್ಕೆ ಇಳಿಯುವುದೇ ಈ ವ್ಯತ್ಯಾಸಕ್ಕೆ ಕಾರಣ. ಇಡ್ಲಿಗೆ ಕುಸುಬಲಕ್ಕಿ ಬಳಸುವ ರೂಢಿ ಈ ಕಾರಣದಿಂದಲೂ ಯೋಗ್ಯವಾದುದು. ನೆನೆಸಿದ ನೀರನ್ನು ಚೆಲ್ಲಿದರೆ ಅದರಲ್ಲಿ ಕರಗಿದ ಬಿ ಜೀವಸತ್ವವೂ ಹೋಗುತ್ತದೆ. ಬೇಳೆ ಬೇಗ ಬೇಯಲೆಂದು, ಹಿಟ್ಟು ಉಬ್ಬಲೆಂದು ಅಡಿಗೆ ಸೋಡಾ ಹಾಕಿದರೆ ಥಯಾಮಿನ್‌ಗೆ ಪೆಟ್ಟು. ಸೋಡಾ ಕ್ಷಾರ ವಸ್ತು. ಹುಳಿ ಹಿಟ್ಟಿನಲ್ಲಿ ಥಯಾಮಿನ್ ಹೆಚ್ಚು ಭದ್ರ. ಹುದುಗಿದ ಇಡ್ಲಿ ಹಿಟ್ಟಿನಲ್ಲಿ ಥಯಾಮಿನ್, ರೈಬೋಫ್ಲೇವಿನ್‌ಗಳು ಹೆಚ್ಚಿದ್ದನ್ನು ಕೆಲವು ಪರೀಕ್ಷೆಗಳು ತೋರಿಸಿವೆ. ಕಿರಣದಿಂದ ಆದ ಸಣ್ಣ ನಷ್ಟವನ್ನು ಒಳ್ಳೆಯ ಹುದುಗುವಿಕೆ ಒಂದಿಷ್ಟು ತುಂಬಿಕೊಡಬಲ್ಲದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕಾಳು ಮೊಳಕೆಗೆ ಯೋಗ್ಯವೇ ಎಂಬುದನ್ನು ತಿಳಿಯಲು 100 ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ದಿನಗಳ ನಂತರ ಬಿಚ್ಚಿ ನೋಡಿ. ಎಷ್ಟು ಮೊಳೆತಿವೆ ಎಂಬುದರ ಜೊತೆಗೆ ಮೊಳಕೆಯ ಉದ್ದವನ್ನೂ ಗಮನಿಸಿ. ಪ್ರಮಾಣಿತ ಬಿತ್ತನೆ ರಾಗಿಗೆ ಕನಿಷ್ಠ ಶೇಕಡಾ 75 ಮೊಳಕೆ ಇರಬೇಕು. ಮಾಲ್ಟಿಗೆ ನೂರಕ್ಕೆ 90ರ ಆಸುಪಾಸಿನಲ್ಲಿದ್ದರೆ ಉತ್ತಮ. ಮೊಳೆಯದೆ ಉಳಿದ ಕಾಳು ಚಾಪೆಯ ಮೇಲೆ ಕೊಳೆತು ಒಳ್ಳೆಯ ಕಾಳನ್ನೂ ಕೆಡಿಸುತ್ತದೆ.

ಹೊಸ ಬೇಳೆಯ ಹಿಟ್ಟು ಉಬ್ಬುವುದೇ ಎಂದು ತಿಳಿಯಲು ರುಬ್ಬಿದ ಹಿಟ್ಟನ್ನು ಎರಡು ಸಮನಾದ ಲೋಟಗಳಲ್ಲಿ ಅರ್ಧದವರೆಗೆ ತುಂಬಿ. ಒಂದಕ್ಕೆ ಮಾತ್ರ ಒಂದು ಚಮಚ ಹಳೆಯ ಹುಳಿ ಹಿಟ್ಟು ಸೇರಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎರಡೂ ಸಮನಾಗಿ ಉಬ್ಬಿದ್ದರೆ ಬೇಳೆಯಲ್ಲಿ ಅಣುಜೀವಿಗಳು ಸಾಕಷ್ಟಿವೆ. ಹುಳಿ ಸೇರಿಸಿದ್ದು ಮಾತ್ರ ಉಬ್ಬಿದ್ದರೆ ಆ ಬೇಳೆಗೆ ಪ್ರತಿ ಸಲವೂ ಹಳೆಯ ಹಿಟ್ಟು ಬೇಕೆಂದು ತಿಳಿಯಿರಿ.

ರೈತರು ನೆನಪಿಡಬೇಕಾದ ಅಂಶಗಳು

1. ಹಾಲನ್ನು ಬೆಳಕು ಹಾಯದ ಪಾತ್ರೆಯಲ್ಲಿ, ನೆರಳಿನಲ್ಲಿ ಇಡಿ ಮತ್ತು ಸಾಗಿಸಿ.
2. ಇಡೀ ಕಾಳನ್ನು ಬಿಸಿಲಿನಲ್ಲಿ ಧಾರಾಳವಾಗಿ ಒಣಗಿಸಿ. ಮೊಳಕೆ ಕಾಳನ್ನು ಬಟ್ಟೆ ಹೊದಿಸಿ ಗಾಳಿಯಲ್ಲಿ ಬೇಗ ಒಣಗಿಸಿ. ಹಿಟ್ಟನ್ನು ಬಿಸಿಲಿಗೆ ಹರವಬೇಡಿ.
3. ಬಿತ್ತನೆಗೆ ಮತ್ತು ಮಾಲ್ಟಿಗೆ ಕಿರಣ ಹಾಯಿಸದ ಕಾಳನ್ನೇ ಬಳಸಿ.
4. ಕಿರಣ ಹಾಯಿಸಿದ ಬೇಳೆಯನ್ನು ಇಡ್ಲಿ, ದೋಸೆಗೆ ಬಳಸಬಹುದು. ಉಬ್ಬದಿದ್ದರೆ ಹಳೆಯ ಹಿಟ್ಟು ಸೇರಿಸಿ, ಸೋಡಾ ಬೇಡ.
5. ಕಿರಣ ಹಾಯಿಸಿದ ಆಹಾರದ ಪೊಟ್ಟಣದ ಮೇಲೆ ಆ ವಿಷಯವನ್ನು ನಮೂದಿಸುವುದು ಕಡ್ಡಾಯ. ಹಸಿರು ಬಣ್ಣದ ವೃತ್ತಾಕಾರದ ಗುರುತನ್ನೂ ಹಾಕಿರುತ್ತಾರೆ. ಕೊಳ್ಳುವಾಗ ಓದಿ ನೋಡಿ.
6. ಧಾನ್ಯವನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಕಿರಣ ಸಂಸ್ಕರಣೆಗೆ ಕಳುಹಿಸಿ. ಪರವಾನಗಿ ಪಡೆದ ಕೇಂದ್ರದಲ್ಲಿ ಮಾತ್ರ ಇದನ್ನು ಮಾಡಿಸಬೇಕು.
7. ಕಿರಣ ಹಾಯಿಸಿದ ಮೇಲೆ ಮೂಟೆಗೆ ಮತ್ತೆ ಹುಳು ಹೊಗಬಹುದು. ಕಿರಣವು ಮುಂದಿನ ಕಾವಲು ಕಾಯುವುದಿಲ್ಲ. ಹುಳು ತೂರದ ಚೀಲ, ಒಣ ಉಗ್ರಾಣ ಬೇಕೇ ಬೇಕು.

ಯಾವ ಕಿರಣ, ಯಾವ ಜೀವಸತ್ವ, ಪದಾರ್ಥ ಒದ್ದೆಯೋ ಒಣಗಿದೆಯೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಅನಾವಶ್ಯಕ ಭಯವೂ ಇರುವುದಿಲ್ಲ, ಅನಾವಶ್ಯಕ ನಷ್ಟವೂ ಆಗುವುದಿಲ್ಲ. ಬೆಳೆದ ಸತ್ವವನ್ನು ಕಣದಿಂದ ತಟ್ಟೆಯವರೆಗೆ ಉಳಿಸಿಕೊಳ್ಳುವುದೂ ಬೇಸಾಯದ ಒಂದು ಭಾಗವೇ ಆಗಿದೆ.